ಮೊದಲು ಕಲ್ಲು ನೋಡಿ, ಆಮೇಲೆ ರೇಟು ಮಾತಾಡಿ

ಗೌರಿ ಹಬ್ಬ ಹತ್ತಿರವಾದಂತೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ನೆಲ ಪಾಲಿಶ್ ಮಾಡೋರು ಯಾರಾದ್ರೂ ಗೊತ್ತಾ?’ ಸ್ವಲ್ಪ ಹೊತ್ತಿಗೆ ನಾಲ್ಕಾರು ಫೋನ್ ನಂಬರ್ ಸಿಗುತ್ತವೆ, ಚದರಡಿ ರೇಟೂ ಸಿಗುತ್ತದೆ. ನಿಮ್ಮ ಮನೆಯ ನೆಲ ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಇತ್ಯರ್ಥವಾಗಬೇಕಾದದ್ದು ಅದೇ. ಕಲ್ಲಿನ ನೆಲಕ್ಕೆ ಪಾಲಿಶ್ ಎಂದರೆ ಏನನ್ನೋ ಬಳಿಯುವುದಲ್ಲ, ಮೇಲ್ಪದರವನ್ನು ಉಜ್ಜಿ ತೆಗೆಯುವುದು. ತೆಗೆದದ್ದು ಮತ್ತೆ ಬರುವುದಿಲ್ಲ.

ಮಾರ್ಬಲ್, ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ, ಆಂಧ್ರದ ಕಡಪ ಕಲ್ಲು ಇವೆಲ್ಲ ಸುಣ್ಣದ ಕುಲಕ್ಕೆ ಸೇರಿದವು. ಇವುಗಳ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದರೆ ಅದು ಕರಗುತ್ತದೆ. ನಿಂಬೆರಸ, ಹುಣಸೆನೀರು ಚೆಲ್ಲಿದ ಕಡೆ ಮಂಕು ಕಲೆ ಉಳಿಯುವುದು ಇದರಿಂದಲೇ. ಟಾಯ್ಲೆಟ್ ತೊಳೆಯುವ ದ್ರಾವಣದಲ್ಲಿರುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಬಿದ್ದರಂತೂ ಹೊಳಪು ಅಲ್ಲೇ ಹೋಯಿತು. ಹಳೆಯ ಮನೆಗಳ ಮೊಸಾಯಿಕ್ ಕೂಡ ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕೂಡಿಸಿ ಮಾಡಿದ್ದು, ಅದಕ್ಕೂ ಆ್ಯಸಿಡ್ ಆಗದು. ಇಳಕಲ್ಲಿನ ಕೆಂಪು ಗ್ರಾನೈಟ್ ಬೇರೆ ಜಾತಿಯದು. ಸ್ಫಟಿಕಶಿಲೆ, ಫೆಲ್ಡ್‌ಸ್ಪಾರ್‌ಗಳಿಂದ ಕೂಡಿದ ಅದು ಸುಲಭಕ್ಕೆ ಹುಳಿಗೆ ಜಗ್ಗುವುದಿಲ್ಲ. ಆದರೆ ಅಷ್ಟೇ ಗಟ್ಟಿಯಾದ್ದರಿಂದ ಅದನ್ನು ಉಜ್ಜಲು ವಜ್ರದ ಪುಡಿ ಕೂಡಿಸಿದ ಪ್ಯಾಡ್‌ಗಳೇ ಬೇಕು.

ಗುರುತು ಸಿಗದಿದ್ದರೆ ಬೀರುವಿನ ಅಡಿಯಂಥ ಮರೆಯ ಜಾಗದಲ್ಲಿ ಒಂದು ತೊಟ್ಟು ನಿಂಬೆರಸ ಬಿಟ್ಟು ನೋಡಬಹುದು. ಸಣ್ಣ ಗುಳ್ಳೆ ಎದ್ದರೆ, ಇಲ್ಲವೇ ಒರೆಸಿದ ಮೇಲೆ ಮಂಕು ಉಳಿದರೆ ಅದು ಸುಣ್ಣದ ಕಲ್ಲು.

ಈಗಿನ ಫ್ಲ್ಯಾಟ್‌ಗಳಲ್ಲಿ ಹೆಚ್ಚಾಗಿ ಇರುವುದು ವಿಟ್ರಿಫೈಡ್ ಟೈಲ್ಸ್. ಇವಕ್ಕೆ ಹೊಳಪು ಬರುವುದು ಕಾರ್ಖಾನೆಯಲ್ಲಿ. ಗ್ಲೇಜ್ ಇರುವ ಟೈಲ್ಸ್‌ನಲ್ಲಂತೂ ಬಣ್ಣ, ಚಿತ್ತಾರ ಎಲ್ಲವೂ ತೆಳುವಾದ ಮೇಲ್ಪದರದಲ್ಲೇ ಇರುತ್ತವೆ, ಗ್ರೈಂಡಿಂಗ್ ಮಷಿನ್ ತಾಗಿದರೆ ಆ ಪದರವೇ ಹೋಗುತ್ತದೆ. ಇಂಥ ನೆಲ ಮಂಕಾಗಿದ್ದರೆ ಕಾರಣ ಸಾಮಾನ್ಯವಾಗಿ ಬೋರ್‌ವೆಲ್ ನೀರಿನ ಬಿಳಿ ಪೊರೆ, ಸೋಪಿನ ಜಿಡ್ಡು, ಸಂದುಗಳಲ್ಲಿ ಕೂತ ಕೊಳೆ. ಇದಕ್ಕೆ ಬೇಕಾದದ್ದು ಪಾಲಿಶ್ ಅಲ್ಲ, ಬ್ರಷ್ ಹಾಕಿ ತಿಕ್ಕುವ ಡೀಪ್ ಕ್ಲೀನಿಂಗ್. ಖರ್ಚೂ ಕಡಿಮೆ.

ಮೈಸೂರು, ಬಸವನಗುಡಿ ಕಡೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕಥೆಯೇ ಬೇರೆ. ಕಬ್ಬಿಣದ ಆಕ್ಸೈಡ್ ಪುಡಿಯನ್ನು ಸಿಮೆಂಟಿಗೆ ಬೆರೆಸಿ, ಮೇಸ್ತ್ರಿ ಕರಣೆಯಿಂದ ತೀಡಿ ತೀಡಿ ತಂದ ನುಣುಪು ಅದು. ಕೆಂಪು ಪದರ ತೆಳುವಾಗಿರುವುದರಿಂದ ಒರಟು ಕಲ್ಲು ಹಾಕಿ ಉಜ್ಜಿದರೆ ಅಡಿಯ ಬೂದು ಸಿಮೆಂಟು ಕಾಣತೊಡಗುತ್ತದೆ. ತೊಳೆದು ಒಣಗಿಸಿ ವ್ಯಾಕ್ಸ್ ಅಥವಾ ತುಸುವೇ ಎಣ್ಣೆ ಸವರಿದರೆ ಅದು ಮತ್ತೆ ಹೊಳೆಯುತ್ತದೆ.

ಇನ್ನು ಮಾರ್ಬಲ್ ಅಥವಾ ಮೊಸಾಯಿಕ್ಕಿಗೆ ಪಾಲಿಶ್ ಬೇಕೇ ಬೇಕು ಎಂದಾದರೆ, ರೇಟಿಗಿಂತ ಮೊದಲು ಕೇಳಬೇಕಾದ್ದು ‘ಎಷ್ಟು ಕೋಟು ಹೊಡೀತೀರಾ?’, ಅಂದರೆ ಎಷ್ಟು ಸುತ್ತು ಉಜ್ಜುತ್ತೀರಿ ಎಂದು. ಮಷಿನ್ನಿಗೆ ಹಾಕುವ ಉಜ್ಜುಗಲ್ಲಿಗೆ 60, 120, 220, 400 ಹೀಗೆ ನಂಬರ್ ಇರುತ್ತದೆ. ನಂಬರ್ ಏರಿದಂತೆ ಕಲ್ಲು ನಯ. ಒಂದು ಕಲ್ಲು ಬಿಟ್ಟ ಗೀರನ್ನು ಮುಂದಿನದು ಅಳಿಸಬೇಕು. ನಡುವಿನದನ್ನು ಹಾರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಗೀರು ಉಳಿಯುತ್ತದೆ. ಕಡಿಮೆ ರೇಟಿನ ಗುಟ್ಟು ಹಲವು ಸಲ ಇಲ್ಲೇ ಇರುತ್ತದೆ.

ಅಳತೆಯ ಮಾತು ನೆಲದ ಮೇಲೇ ನಿಂತು ಆಡಬೇಕು. 900 ಚದರಡಿಯ ಮನೆಯಲ್ಲಿ ಚದರಡಿಗೆ 5 ರೂಪಾಯಿ ವ್ಯತ್ಯಾಸವಾದರೂ 4,500 ರೂಪಾಯಿ. ಗೋಡೆಗೆ ಕೂರಿಸಿದ ಕಪಾಟುಗಳ ಅಡಿಯ ಜಾಗ ಲೆಕ್ಕಕ್ಕೆ ಸೇರುತ್ತದೆಯೇ? ಸ್ಕರ್ಟಿಂಗ್, ಮೆಟ್ಟಿಲುಗಳಿಗೆ ಬೇರೆ ದರವೇ? ಸೋಫಾ, ಮಂಚ ಸರಿಸುವವರು ಯಾರು? ಬಿರುಕು ತುಂಬುವ ಸಾಮಗ್ರಿ ಯಾರದು? ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಒಂದು ಮೂಲೆಯಲ್ಲಿ ಮಾದರಿ ಮಾಡಿ ತೋರಿಸಲು ಹೇಳಬೇಕು. ಪಳಗಿದ ಕೈಯವರು ಇದಕ್ಕೆ ಬೇಸರಿಸುವುದಿಲ್ಲ.

ಕೆಲಸದ ದಿನ ಮನೆಯವರ ಮೇಲೂ ಹೊಣೆಯಿದೆ. ನೀರು ಹರಿಯುವ ನೆಲದಲ್ಲಿ ಕರೆಂಟಿನ ಮಷಿನ್ ಓಡುವುದರಿಂದ ಅರ್ಥಿಂಗ್ ಸರಿಯಿರಬೇಕು, ವೈರಿನಲ್ಲಿ ಸುತ್ತಿದ ಟೇಪು ಕಂಡರೆ ಬದಲಿಸಲು ಹೇಳಬೇಕು. ಮೂಲೆಗಳನ್ನು ಕೈ ಮಷಿನ್ನಿನಲ್ಲಿ ಒಣದಾಗಿ ಉಜ್ಜಿದರೆ ಏಳುವ ಧೂಳು ಕೆಲಸಗಾರರ ಎದೆಗೆ ಹೋಗುತ್ತದೆ. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಪೂರ್ತಿ ಗುಣವೆಂಬುದಿಲ್ಲ. ಹಾಗಾಗಿ ನೀರು ಹಾಕಿಯೇ ಉಜ್ಜಬೇಕು, ಒಳ್ಳೆಯ ಮಾಸ್ಕ್ ಇರಬೇಕು. ಬ್ಲೀಚಿಂಗ್ ದ್ರಾವಣವನ್ನೂ ಆ್ಯಸಿಡ್ಡನ್ನೂ ಒಟ್ಟಿಗೆ ಸುರಿಯಲು ಯಾರಿಗೂ ಬಿಡಬಾರದು, ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಉಜ್ಜಿದಾಗ ಬರುವ ಬಿಳಿ ಕೆಸರು ಬಚ್ಚಲ ಪೈಪಿಗೆ ಹೋದರೆ ಅಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಸಾಗಿಸುವುದೂ ಒಪ್ಪಂದದಲ್ಲಿ ಸೇರಿರಲಿ.

ಕೊನೆಯ ಕಂತು ಕೊಡುವ ಮುನ್ನ ಹಗಲು ಹೊತ್ತಿನಲ್ಲಿ, ಒಣಗಿದ ನೆಲವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಬೇಕು. ಸುತ್ತು ಸುತ್ತಾದ ಗೀರು ಆಗ ಕಾಣುತ್ತದೆ. ತಿದ್ದಿಸುವುದಿದ್ದರೆ ಮಷಿನ್ ಮನೆಯಲ್ಲಿರುವಾಗಲೇ ತಿದ್ದಿಸಬೇಕು. ಅಷ್ಟು ಭಾರದ ಮಷಿನ್ ಒಮ್ಮೆ ಮೆಟ್ಟಿಲಿಳಿದು ಆಟೋ ಹತ್ತಿದ ಮೇಲೆ ಒಂದು ಮೂಲೆಗಾಗಿ ಮರಳಿ ಬರುವುದು ಅಪರೂಪ.