ಸಂಚಾರಿ ಮನೆಯ ಬ್ಯಾಟರಿ

ಮಂಚ, ಒಲೆ, ದೀಪಗಳನ್ನು ಹೊತ್ತು ತಿರುಗುವ ವಾಹನಕ್ಕೆ ಕ್ಯಾರವಾನ್ ಎಂದು ಹೆಸರು. ಇದಕ್ಕೆ ಎರಡು ಬಗೆಯ ಬ್ಯಾಟರಿಗಳು ಬೇಕು. ಎಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿಯ ಸೀಸದ ಫಲಕಗಳು ತೆಳು. ಅದು ಕೆಲವೇ ಕ್ಷಣ ಭಾರಿ ಪ್ರವಾಹವನ್ನು ಕೊಡಬಲ್ಲುದು. ದೀಪ, ಫ್ಯಾನುಗಳಿಗೆ ಗಂಟೆಗಟ್ಟಲೆ ದುಡಿಯುವ ದಪ್ಪ ಫಲಕಗಳ ‘ಡೀಪ್ ಸೈಕಲ್’ ಬ್ಯಾಟರಿಯೇ ತಕ್ಕದ್ದು.

ಕೊಳ್ಳುವ ಮುನ್ನ ಲೆಕ್ಕ ಹಾಕಬೇಕು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,200 ವ್ಯಾಟ್-ಗಂಟೆಯ ಶಕ್ತಿಯಿದ್ದರೂ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಅಷ್ಟರಲ್ಲಿ 30 ವ್ಯಾಟಿನ ಫ್ಯಾನು ಸುಮಾರು 20 ಗಂಟೆ ತಿರುಗೀತು.

ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಮುಂದೆ ಚಾರ್ಜು ಹಿಡಿಯದು. ಆದುದರಿಂದ ವಾಹನ ತಿಂಗಳುಗಟ್ಟಲೆ ನಿಂತಿದ್ದರೂ ಆಗಾಗ ಚಾರ್ಜು ಮಾಡಬೇಕು. ನೀರು ಹಾಕುವ ಬಗೆಯದಾದರೆ ಫಲಕಗಳು ಸದಾ ಮುಳುಗಿರಬೇಕು. ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ನಲ್ಲಿಯ ನೀರು ಸಲ್ಲದು. ಚಾರ್ಜಾಗುವಾಗ ಜಲಜನಕ ಹೊರಡುವುದರಿಂದ ಗಾಳಿಯಾಡಬೇಕು. ಬೆಂಕಿ ಹತ್ತಿರ ಸುಳಿಯಬಾರದು.

ನಮ್ಮ ತಂದೆಯವರು ಬಾಡಿಗೆ ವ್ಯಾನಿನ ಚಾಲಕರು. ಅವರ ಓದು ನಾಲ್ಕನೆಯ ತರಗತಿಗೇ ನಿಂತಿತು. ಆದರೂ ಬ್ಯಾಟರಿಯ ನೀರಿನ ಮಟ್ಟ ನೋಡುವುದನ್ನು ಅವರು ಎಂದೂ ತಪ್ಪಿಸಿದವರಲ್ಲ. ಹೊಸ ಬ್ಯಾಟರಿಯ ಬೆಲೆಯೆಂದರೆ ನಮ್ಮ ಮನೆಯಲ್ಲಿ ನನ್ನ ಕಾಲೇಜು ಶುಲ್ಕಕ್ಕೆ ಬೀಳುವ ಕತ್ತರಿ. ಅವರ ಅಭ್ಯಾಸದ ಕಾರಣವನ್ನು ನಾನು ಪುಸ್ತಕದಲ್ಲಿ ಓದಿದೆ. ಅವರು ಅದನ್ನು ದುಡಿಮೆಯಲ್ಲಿ ಕಲಿತಿದ್ದರು.