ದಾಂಡೇಲಿಯ ಕಾಡಿಗೆ ಹಗುರ ಕ್ಯಾಮೆರಾ: ಆಯ್ಕೆ ಹೇಗೆ?

ಚಳಿಗಾಲದ ಯಾವುದೇ ಶನಿವಾರದ ಮುಂಜಾನೆ ದಾಂಡೇಲಿಗೆ ಬಂದಿಳಿಯುವ ಪ್ರವಾಸಿಗರಲ್ಲಿ ಕೆಲವರ ಬೆನ್ನಿಗಾದರೂ ಉಬ್ಬಿದ ಕರಿಯ ಚೀಲವೊಂದು ಅಂಟಿಕೊಂಡಿರುತ್ತದೆ. ಅದರೊಳಗೆ ಡಿಎಸ್ಎಲ್ಆರ್ ಕ್ಯಾಮೆರಾ, ಮೊಳದುದ್ದದ ಲೆನ್ಸ್, ಅವುಗಳ ಆರೈಕೆಗೆ ಬೇಕಾದ ಸಾಮಗ್ರಿ. ಅದೇ ಜನ ಭಾನುವಾರ ಸಂಜೆ ಮರಳುವಾಗ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸುತ್ತ, ಕುತ್ತಿಗೆ ತಿಕ್ಕಿಕೊಳ್ಳುತ್ತ ನಿಂತಿರುತ್ತಾರೆ. ವಯಸ್ಸು ಐವತ್ತು ದಾಟಿದವರಲ್ಲಿ ಅನೇಕರು ಮುಂದಿನ ವರ್ಷ ಕ್ಯಾಮೆರಾವನ್ನೇ ಮನೆಯಲ್ಲಿ ಬಿಟ್ಟು ಬರುತ್ತಾರೆ. ಇನ್ನು ಕೆಲವರು ಕಾಡಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಈ ಲೇಖಕನೂ ಒಂದು ಕಾಲದಲ್ಲಿ ಅವರ ಸಾಲಿನಲ್ಲಿ ಇದ್ದವನೇ.

ಹೊರೆ ಇಳಿಸಿಕೊಳ್ಳುವ ಉಪಾಯ ಇದೆ. ಆದರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಾಣುವ ಎಲ್ಲ ಚಿಕ್ಕ ಕ್ಯಾಮೆರಾಗಳೂ ಒಂದೇ ಕೆಲಸಕ್ಕೆ ಒದಗುವುದಿಲ್ಲ. ದಾಂಡೇಲಿ, ಜೊಯಿಡಾ, ಹಳಿಯಾಳ, ಮುಂಡಗೋಡ ಈ ನಾಲ್ಕು ತಾಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆಯ್ಕೆಯ ವಿಧಾನವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ತೂಕದ ಲೆಕ್ಕ

ಪಕ್ಷಿ ಛಾಯಾಗ್ರಾಹಕರಲ್ಲಿ ಬಹಳ ಜನಪ್ರಿಯವಾಗಿದ್ದ ನಿಕಾನ್ ಡಿ500 ಕ್ಯಾಮೆರಾ ಬ್ಯಾಟರಿ ಸಹಿತ 860 ಗ್ರಾಂ ತೂಗುತ್ತದೆ. ಅದರ ಜೊತೆಗಾರನಾದ 200-500 ಮಿ.ಮೀ. ಲೆನ್ಸ್ 2300 ಗ್ರಾಂ. ಎರಡೂ ಸೇರಿದರೆ ಮೂರು ಕಿಲೋ ಮೀರಿತು. ಟ್ರೈಪಾಡ್ ಹಾಗೂ ಕುಡಿಯುವ ನೀರಿನ ಮಾತು ಬೇರೆ.

ಇದಕ್ಕೆ ಎದುರಾಗಿ 2019ರಲ್ಲಿ ಬಂದ ಸೋನಿ ಆರ್ಎಕ್ಸ್100 ಏಳನೆಯ ಆವೃತ್ತಿ ಕೇವಲ 302 ಗ್ರಾಂ. ಅಂಗಿಯ ಜೇಬಿನಲ್ಲಿ ಅಡಗುತ್ತದೆ. 2018ರ ಕ್ಯಾನನ್ ಎಸ್ಎಕ್ಸ್740 ಎಚ್ಎಸ್ 299 ಗ್ರಾಂ. ಇವೆರಡರ ನಡುವೆ ಹಾಗೂ ಆಚೆಗೆ ಇನ್ನೊಂದು ಬಳಗವಿದೆ. ಮೈ ದೊಡ್ಡದು, ಲೆನ್ಸ್ ಮಾತ್ರ ಕಳಚಲು ಬಾರದು; ಇವನ್ನು ಬ್ರಿಜ್ ಕ್ಯಾಮೆರಾಗಳೆನ್ನುತ್ತಾರೆ. ನಿಕಾನ್ ಪಿ950 ಸುಮಾರು ಒಂದು ಕಿಲೋ, ಸೋನಿ ಆರ್ಎಕ್ಸ್10 ನಾಲ್ಕನೆಯ ಆವೃತ್ತಿ 1095 ಗ್ರಾಂ. ನಿಕಾನ್ ಪಿ1000 ಎಂಬುದು 1415 ಗ್ರಾಂ ತೂಗುವುದರಿಂದ ಹಗುರವೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಆದುದರಿಂದ ‘ಕಾಂಪ್ಯಾಕ್ಟ್’ ಎಂಬ ಹಣೆಪಟ್ಟಿಯನ್ನು ನಂಬದೆ ಗ್ರಾಂ ಲೆಕ್ಕವನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಬಿಂಬ ಮೂಡುವ ಜಾಗ

ಕ್ಯಾಮೆರಾ ಏಕೆ ಚಿಕ್ಕದಾಗುತ್ತದೆ? ಬಿಂಬ ಮೂಡುವ ಸೆನ್ಸರ್ ಚಿಕ್ಕದಾಗುವುದರಿಂದ. ಸೆನ್ಸರ್ ಕುಗ್ಗಿದಷ್ಟೂ ಅದಕ್ಕೆ ಬೇಕಾಗುವ ಲೆನ್ಸ್ ಕೂಡ ಕುಗ್ಗುತ್ತದೆ. ಹಳೆಯ ಫಿಲ್ಮ್ ಗಾತ್ರದ ಫುಲ್‌ಫ್ರೇಮ್ ಸೆನ್ಸರ್ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಡಿ500ರಂಥ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 367 ಚದರ ಮಿ.ಮೀ. ಆರ್ಎಕ್ಸ್ ಸರಣಿಯ ‘ಒಂದು ಇಂಚಿನ’ ಸೆನ್ಸರ್ 13.2×8.8 ಮಿ.ಮೀ., ಅಂದರೆ 116 ಚದರ ಮಿ.ಮೀ. ಎಸ್ಎಕ್ಸ್740, ಪಿ950 ಇತ್ಯಾದಿಗಳದ್ದು ಕೇವಲ 28 ಚದರ ಮಿ.ಮೀ. ಒಂದು ಇಂಚಿನ ಸೆನ್ಸರಿನ ಯಾವ ಬದಿಯೂ ಒಂದು ಇಂಚು ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಹಳೆಯ ಕಾಲದ ಟಿವಿ ಕ್ಯಾಮೆರಾ ಕೊಳವೆಗಳ ಅಳತೆಯ ಪದ್ಧತಿ ಹೆಸರಿನಲ್ಲಿ ಉಳಿದುಕೊಂಡಿದೆ, ಅಷ್ಟೆ.

ಜಾಗ ಕಡಿಮೆಯಾದಷ್ಟೂ ಸಂಗ್ರಹವಾಗುವ ಬೆಳಕು ಕಡಿಮೆ. ಬಯಲಿನ ಬಿಸಿಲಿನಲ್ಲಿ ಈ ವ್ಯತ್ಯಾಸ ಕಾಣದು. ಆದರೆ ಮರಗಳ ಮೇಲ್ಛಾವಣಿ ಮುಚ್ಚಿದ ಅಣಶಿಯ ಕಾಡಿನಲ್ಲಿ ಮಧ್ಯಾಹ್ನವೂ ಮಬ್ಬಾಗಿರುತ್ತದೆ. ಅಲ್ಲಿ ಚಿಕ್ಕ ಸೆನ್ಸರಿನ ಚಿತ್ರದಲ್ಲಿ ಗರಿಯ ಎಳೆಗಳು ಕಲಸಿ ಬಣ್ಣದ ಮುದ್ದೆಯಾಗುತ್ತವೆ.

ಲೆನ್ಸಿನ ದ್ವಾರ

ಜಾಹೀರಾತುಗಳು ಹೇಳದ ಇನ್ನೊಂದು ಅಂಕಿ ಇದೆ. ಲೆನ್ಸಿನ ನಿಜವಾದ ಫೋಕಲ್ ಉದ್ದವನ್ನು ಅದರ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳನುಗ್ಗುವ ದ್ವಾರದ ವ್ಯಾಸ ಸಿಗುತ್ತದೆ. ದೂರದ ಹಕ್ಕಿಯಿಂದ ಎಷ್ಟು ಬೆಳಕು ನಮ್ಮ ಕೈಸೇರುತ್ತದೆಂಬುದನ್ನು ತೀರ್ಮಾನಿಸುವುದು ಈ ದ್ವಾರವೇ. ನಿಕಾನ್ 200-500 ಲೆನ್ಸಿನಲ್ಲಿ 500ನ್ನು 5.6ರಿಂದ ಭಾಗಿಸಿದರೆ 89 ಮಿ.ಮೀ. ಆರ್ಎಕ್ಸ್10ರಲ್ಲಿ 220ನ್ನು 4ರಿಂದ ಭಾಗಿಸಿದರೆ 55. ಪಿ950ರಲ್ಲಿ 357ನ್ನು 6.5ರಿಂದ ಭಾಗಿಸಿದರೂ 55. ಎಸ್ಎಕ್ಸ್740ರಲ್ಲಿ 25. ಆರ್ಎಕ್ಸ್100 ಏಳರಲ್ಲಿ ಬರೀ 16.

ಪಿ950ರ ಪೆಟ್ಟಿಗೆಯ ಮೇಲೆ 2000 ಮಿ.ಮೀ. ಎಂದೂ ಆರ್ಎಕ್ಸ್10ರ ಮೇಲೆ 600 ಮಿ.ಮೀ. ಎಂದೂ ಅಚ್ಚಾಗಿರುತ್ತದೆ. ಇವು ಫುಲ್‌ಫ್ರೇಮಿಗೆ ಸಮನಾದ ಅಂಕಿಗಳು. ಆದರೆ ಹಕ್ಕಿಯಿಂದ ಎರಡೂ ಹೆಕ್ಕುವ ಬೆಳಕು ಒಂದೇ. ಪಿ950 ಅದನ್ನು ಹೆಚ್ಚು ಹಿಗ್ಗಿಸಿ ತೋರಿಸುತ್ತದೆ. ಕೊಳ್ಳುವವರು ಜೂಮ್ ಅಂಕಿಗೆ ಮರುಳಾಗದಿರಲು ಈ ಭಾಗಾಕಾರವೊಂದನ್ನು ಕಲಿತರೆ ಸಾಕು. ಮೂರು ಕಿಲೋ ಹೊತ್ತವನು ಮೂರ್ಖನೇನಲ್ಲ ಎಂಬುದೂ ಇದರಿಂದ ತಿಳಿಯುತ್ತದೆ: ಆತ ಒಂದು ಕಿಲೋದವನಿಗಿಂತ ಎರಡೂವರೆ ಪಟ್ಟು ಬೆಳಕನ್ನು ಹೊತ್ತು ತರುತ್ತಾನೆ. ಆ ಹೆಚ್ಚುವರಿ ನಮಗೆ ಬೇಕೆ ಎಂಬುದಷ್ಟೇ ಪ್ರಶ್ನೆ. ಚಿತ್ರವನ್ನು ಪತ್ರಿಕೆಗೆ, ಮನೆಯ ಗೋಡೆಗೆ ಅಥವಾ ಗೆಳೆಯರ ಫೋನಿಗೆ ಕಳಿಸುವವರಿಗೆ ಬಹುಪಾಲು ಬೇಕಾಗುವುದಿಲ್ಲ.

ದಾಂಡೇಲಿ: ಮಂಗಟ್ಟೆಗಳ ಊರು

ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನವನ್ನು ಒಳಗೊಂಡ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಎಂಬ ಹೆಸರು ಬಂದಿತು. ಹುಲಿ ಕಾಣಿಸಿಕೊಳ್ಳುವುದು ಇಲ್ಲಿ ಅಪರೂಪ; ಜನ ಬರುವುದು ಹೆಚ್ಚಾಗಿ ಹಾರ್ನ್‌ಬಿಲ್ ಎಂದು ಹೆಸರಾದ ಮಂಗಟ್ಟೆ ಹಕ್ಕಿಗಾಗಿ. ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ, ಸಾಮಾನ್ಯ ಬೂದು ಮಂಗಟ್ಟೆ, ನಾಲ್ಕೂ ಈ ಭಾಗದಲ್ಲಿವೆ.

ದೊಡ್ಡ ಮಂಗಟ್ಟೆ ಸುಮಾರು ಒಂದು ಮೀಟರ್ ಉದ್ದದ ಹಕ್ಕಿ. ಅದು 40 ಮೀಟರ್ ದೂರದ ಅತ್ತಿಯ ಮರದ ಮೇಲೆ ಕೂತಿದೆ ಎಂದಿಟ್ಟುಕೊಳ್ಳೋಣ. 100 ಮಿ.ಮೀ. ಜೂಮಿನಲ್ಲಿ ಚೌಕಟ್ಟಿನ ಅಗಲ 14.4 ಮೀಟರ್, ಹಕ್ಕಿ ಎಲೆಗಳ ನಡುವೆ ಒಂದು ಚುಕ್ಕೆ. 200ರಲ್ಲಿ 7.2 ಮೀಟರ್, ಹಕ್ಕಿಯೆಂದು ಗುರುತು ಸಿಗುತ್ತದೆ. 600ರಲ್ಲಿ 2.4 ಮೀಟರ್; ಕೊಕ್ಕಿನ ಮೇಲಿನ ಕಿರೀಟದ ಬಣ್ಣವೂ ಕಾಣುತ್ತದೆ. ಆದುದರಿಂದ ಪಕ್ಷಿಗಳೇ ಮುಖ್ಯವೆನ್ನುವವರು 600 ಮಿ.ಮೀ.ಗೆ ಕಡಿಮೆಯಿಲ್ಲದ ಜೂಮ್ ನೋಡಬೇಕು. ಆರ್ಎಕ್ಸ್10 ನಾಲ್ಕು ಇಲ್ಲಿ ಮೊದಲ ಹೆಸರು. ಅದರ ಹಂತಭೇದ ಆಟೋಫೋಕಸ್ ಹಾರುವ ಹಕ್ಕಿಯನ್ನು ಹಿಡಿಯಬಲ್ಲದು. ಪಿ950 ಕೂತ ಹಕ್ಕಿಗೆ ಒಳ್ಳೆಯದು. ರೆಕ್ಕೆ ಬಿಚ್ಚಿದೊಡನೆ ಅದರ ಫೋಕಸ್ ತಡವರಿಸುತ್ತದೆ.

ಲೆನ್ಸ್ ಬದಲಿಸುವ ಕ್ಯಾಮೆರಾ ಬೇಡವೆಂದು ಹಟ ಹಿಡಿಯದವರಿಗೆ ಮೂರನೆಯ ದಾರಿಯೊಂದಿದೆ. ಒಲಿಂಪಸ್ ಇ-ಎಂ10 ನಾಲ್ಕನೆಯ ಆವೃತ್ತಿ 383 ಗ್ರಾಂ. ಅದರ 75-300 ಲೆನ್ಸ್ 423 ಗ್ರಾಂ. ಒಟ್ಟು 806 ಗ್ರಾಂನಲ್ಲಿ 600 ಮಿ.ಮೀ.ಗೆ ಸಮನಾದ ವ್ಯಾಪ್ತಿ ದೊರೆಯುತ್ತದೆ. ಅಂದರೆ ಬ್ರಿಜ್ ಕ್ಯಾಮೆರಾಕ್ಕಿಂತಲೂ ಹಗುರ!

ಜೊಯಿಡಾ: ನೀರು ಮತ್ತು ನೆರಳು

ಜೊಯಿಡಾ ತಾಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿತ್ತು. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಇಂದು ಅದೇ ಅಣೆಕಟ್ಟೆಯ ಕೆಳಗೆ ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯುತ್ತದೆ. ರಬ್ಬರ್ ದೋಣಿಯಲ್ಲಿ ಡಿಎಸ್ಎಲ್ಆರ್ ತೆಗೆಯುವುದು ಸಾಹಸವಲ್ಲ, ಅವಿವೇಕ. ಓಎಂ ಸಿಸ್ಟಂ ಟಿಜಿ-7ರಂಥ ಜಲನಿರೋಧಕ ಕ್ಯಾಮೆರಾ 15 ಮೀಟರ್ ಆಳದವರೆಗೆ ನೀರನ್ನು ತಡೆಯುತ್ತದೆ. ತೂಕ 249 ಗ್ರಾಂ. ಲೆನ್ಸಿನಿಂದ ಒಂದು ಸೆಂ.ಮೀ. ಸಮೀಪದವರೆಗೆ ಫೋಕಸ್ ಮಾಡುವುದರಿಂದ ಮಳೆಗಾಲದ ಕಪ್ಪೆ, ಅಣಬೆ, ಹಾವಸೆಗಳಿಗೂ ಅದು ಒದಗುತ್ತದೆ. ಸೆನ್ಸರ್ ಚಿಕ್ಕದು, ಜೂಮ್ 100 ಮಿ.ಮೀ.ಗೆ ನಿಲ್ಲುತ್ತದೆ, ಹಕ್ಕಿಗೆ ಅದು ಪ್ರಯೋಜನವಿಲ್ಲ.

ಹಳಿಯಾಳ, ಮುಂಡಗೋಡ: ಮನುಷ್ಯರ ನಡುವೆ

ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತು ಇದೆ. ಗಾಂದೆನ್, ದ್ರೇಪುಂಗ್ ಮಠಗಳಿವೆ. ಹಳಿಯಾಳದ ಸುತ್ತಮುತ್ತ ಸಿದ್ದಿ ಸಮುದಾಯದ ಹಳ್ಳಿಗಳಿವೆ. ಇಂಥ ಕಡೆ ಬೇಕಾಗುವುದು ಉದ್ದ ಜೂಮ್ ಅಲ್ಲ, ಸದ್ದಿಲ್ಲದ ಚಿಕ್ಕ ಕ್ಯಾಮೆರಾ. ಡಿಎಸ್ಎಲ್ಆರ್‌ನ ಕನ್ನಡಿ ಮೇಲೇಳುವ ಸದ್ದು ಪ್ರಾರ್ಥನಾ ಮಂದಿರದಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಕಾಂಪ್ಯಾಕ್ಟಿನಲ್ಲಿ ಕನ್ನಡಿಯೇ ಇಲ್ಲ. ರಿಕೋ ಜಿಆರ್ 3 ಎಪಿಎಸ್-ಸಿ ಸೆನ್ಸರನ್ನು 257 ಗ್ರಾಂನಲ್ಲಿ ಅಡಗಿಸಿಕೊಂಡಿದೆ. ಜೂಮ್ ಇಲ್ಲ, ನಾವೇ ಎರಡು ಹೆಜ್ಜೆ ಮುಂದಿಡಬೇಕು. ಮುಂದಿಡುವ ಮೊದಲು ಕೇಳಬೇಕು. ಜನರನ್ನು ದೂರದಿಂದ ಬೇಟೆಯಾಡಿದಂತೆ ಚಿತ್ರ ಹಿಡಿಯುವ ಚಾಳಿಗೆ ಇದು ಒಳ್ಳೆಯ ಮದ್ದು.

ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮ ಸುಮಾರು 2.23 ಚದರ ಕಿ.ಮೀ. ವಿಸ್ತಾರದ ಜಲಾಶಯ ಪ್ರದೇಶ. ಬಯಲು ಬೆಳಕು ಧಾರಾಳವಾಗಿರುವುದರಿಂದ ಚಿಕ್ಕ ಸೆನ್ಸರಿನ ಪಿ950ರಂಥವು ಇಲ್ಲಿ ಮಿಂಚುತ್ತವೆ. ಆದರೆ ನೀರಿನ ಮೇಲಿನ ಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣಿಸುವುದಿಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲದ ಎಸ್ಎಕ್ಸ್740ರಂಥ ಕ್ಯಾಮೆರಾದಲ್ಲಿ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಬಿಸಿಲೇರಿದ ಮೇಲೆ ನೀರಿನಿಂದೇಳುವ ಬಿಸಿಗಾಳಿ ದೂರದ ಬಿಂಬವನ್ನು ಕಲಕುತ್ತದೆ. ಅದಕ್ಕೆ ಯಾವ ಲೆನ್ಸಿನಲ್ಲೂ ಪರಿಹಾರವಿಲ್ಲ. ಬೆಳಗಿನ ಹೊತ್ತೇ ಸರಿ.

ಬೂಷ್ಟಿನ ಭಯ

ಉತ್ತರ ಕನ್ನಡದ ಮಳೆಗಾಲ ಕ್ಯಾಮೆರಾಗಳಿಗೆ ಕೆಟ್ಟ ಕಾಲ. ಬೀರುವಿನಲ್ಲಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ. ಡಿಎಸ್ಎಲ್ಆರ್ ಲೆನ್ಸನ್ನು ಕಳಚಿ ಶುಚಿಗೊಳಿಸಬಹುದು. ಕಾಂಪ್ಯಾಕ್ಟಿನ ಲೆನ್ಸನ್ನು ಬಿಚ್ಚುವುದು ಪರಿಣತರಿಗೂ ಕಷ್ಟ; ಖರ್ಚು ಹಲವು ಬಾರಿ ಕ್ಯಾಮೆರಾದ ಬೆಲೆಯನ್ನೇ ಮುಟ್ಟುತ್ತದೆ. ಇದಲ್ಲದೆ ಒಳಸರಿದು ಹೊರಚಾಚುವ ಜೂಮ್ ಕೊಳವೆ ಪ್ರತಿ ಬಾರಿಯೂ ತೇವದ ಗಾಳಿ ಹಾಗೂ ಧೂಳನ್ನು ಒಳಗೆಳೆದುಕೊಳ್ಳುತ್ತದೆ. ಈ ಲೇಖಕ ಒಮ್ಮೆ ಹಳೆಯ ಕಾಂಪ್ಯಾಕ್ಟೊಂದನ್ನು ಬೆಳಕಿಗೆ ಹಿಡಿದು ನೋಡದೆ ಕೊಂಡು, ಮನೆಗೆ ಬಂದ ಮೇಲೆ ಗಾಜಿನೊಳಗಿನ ಬೂಷ್ಟನ್ನು ಕಂಡು ಪೆಚ್ಚಾದದ್ದುಂಟು.

ಪರಿಹಾರ ಸುಲಭ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೊಂದು ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತರೆ ಕ್ಷೇಮ. ಚರ್ಮದ ಚೀಲದಲ್ಲಿ ಇಡಕೂಡದು. ಬೂಷ್ಟಿಗೆ ಅದೇ ತವರು.

ಕೊಳ್ಳುವ ಮುನ್ನ

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿಗಳಂತೆ 2010ರಲ್ಲಿ ಸುಮಾರು 10.9 ಕೋಟಿ ಕಾಂಪ್ಯಾಕ್ಟ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟಿದ್ದವು. 2023ರಲ್ಲಿ ಆ ಸಂಖ್ಯೆ 17 ಲಕ್ಷದ ಆಸುಪಾಸಿಗೆ ಇಳಿಯಿತು. ನುಂಗಿದ್ದು ಮೊಬೈಲ್ ಫೋನ್. ಆದುದರಿಂದ ಮೊಬೈಲ್ ಮಾಡಬಲ್ಲ ಕೆಲಸಕ್ಕೆ ಕಾಂಪ್ಯಾಕ್ಟ್ ಕೊಳ್ಳುವುದು ದಂಡ. ದೂರದ ಜೂಮ್, ನೀರು ತಡೆಯುವ ಮೈ, ದೊಡ್ಡ ಸೆನ್ಸರ್ - ಈ ಮೂರರಲ್ಲಿ ಒಂದಾದರೂ ಇದ್ದರೆ ಮಾತ್ರ ಹಣ ತೆಗೆಯಿರಿ. ಅತ್ತ ಡಿಎಸ್ಎಲ್ಆರ್ ಪ್ರಪಂಚವೂ ಮುಸ್ಸಂಜೆಯಲ್ಲಿದೆ. 2020ರ ನಂತರ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್ಎಲ್ಆರ್ ಹೊರತಂದಿಲ್ಲ.

ಮಾದರಿಗಳು ಕಡಿಮೆಯಾದ್ದರಿಂದ ಅನೇಕರು ಬಳಸಿದ ಕ್ಯಾಮೆರಾ ಕೊಳ್ಳುತ್ತಾರೆ. ಅಂಗಡಿಯಲ್ಲೇ ಜೂಮನ್ನು ಪೂರ್ತಿ ಚಾಚಿ, ಮೊಬೈಲ್ ಟಾರ್ಚನ್ನು ಲೆನ್ಸಿಗೆ ಹಿಡಿದು ಬೂಷ್ಟು ನೋಡಿ. ಬಿಳಿ ಗೋಡೆಯ ಚಿತ್ರ ತೆಗೆದು ಕಲೆ ಇದೆಯೇ ಪರೀಕ್ಷಿಸಿ. ಕಚ್ಚಾ ಕಡತ ಉಳಿಸುವ ಸೌಲಭ್ಯವಿದೆಯೇ ಕೇಳಿ. ಹಳೆಯ ಪಿ900ರಲ್ಲಿ ಅದು ಇರಲಿಲ್ಲ, ಪಿ950ರಲ್ಲಿ ಇದೆ. ಬ್ಯಾಟರಿಯ ವಿಷಯ ಮರೆಯಬಾರದು. ಡಿ500 ಒಂದು ಚಾರ್ಜಿನಲ್ಲಿ 1240 ಚಿತ್ರ ಕೊಡುತ್ತಿದ್ದರೆ ಪಿ950 ಸುಮಾರು 290ಕ್ಕೆ ಸುಸ್ತಾಗುತ್ತದೆ. ಮಳೆಗೆ ವಿದ್ಯುತ್ ಕೈಕೊಡುವ ಜೊಯಿಡಾದ ಹಳ್ಳಿಯಲ್ಲಿ ಎರಡು ಹೆಚ್ಚುವರಿ ಬ್ಯಾಟರಿ ಇರಲೇಬೇಕು. ಸಫಾರಿಯಲ್ಲಿ ಕ್ಯಾಮೆರಾ, ಮೊಬೈಲ್ ಕುರಿತ ನಿಯಮ ಹಾಗೂ ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಹಕ್ಕಿಯ ಕಡೆಯಿಂದ

ಕೊನೆಗೆ ಒಂದು ಮಾತು. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಮೆತ್ತಿಕೊಂಡು, ಸಣ್ಣ ಸೀಳೊಂದನ್ನಷ್ಟೇ ಬಿಟ್ಟುಕೊಳ್ಳುತ್ತದೆ. ಬೇಸಗೆಯ ಆ ವಾರಗಳಲ್ಲಿ ಅದರ ಹಾಗೂ ಮರಿಯ ಊಟ ಗಂಡಿನ ಕೊಕ್ಕಿನಿಂದಲೇ ಬರಬೇಕು. ಮರದ ಕೆಳಗೆ ಜನ ಗುಂಪುಗೂಡಿದ್ದರೆ ಹಣ್ಣು ಹೊತ್ತ ಗಂಡು ದೂರದ ಕೊಂಬೆಯಲ್ಲೇ ಕಾಯುತ್ತದೆ. ಒಳಗೆ ಹಸಿವು ಬೆಳೆಯುತ್ತದೆ. ಚಿಕ್ಕ ಜೂಮ್ ಕೊಂಡವನು ಹತ್ತಿರ ಹೋಗಲು ಹವಣಿಸುತ್ತಾನೆ ಎಂಬುದೇ ಚಿಕ್ಕ ಜೂಮಿನ ದೊಡ್ಡ ಅಪಾಯ. ಕ್ಯಾಮೆರಾ ಕೈಗೆ ಬಂದ ದಿನವೇ ಫ್ಲ್ಯಾಶ್, ಫೋಕಸ್ ದೀಪ, ಬೀಪ್ ಸದ್ದು ಮೂರನ್ನೂ ಆರಿಸಿಬಿಡಿ. ಗೂಡಿನ ಮರ ಕಂಡರೆ ಒಂದು ಚಿತ್ರ ತೆಗೆದು ಸರಿದುಬಿಡಿ.

ಹೊರೆ ಇಳಿದ ಮೇಲೆ ಕಾಡಿನಲ್ಲಿ ನಡೆಯುವ ದೂರ ಹೆಚ್ಚುತ್ತದೆ, ತಲೆಯೆತ್ತಿ ನೋಡುವುದೂ ಹೆಚ್ಚುತ್ತದೆ. ದೊಡ್ಡ ಮಂಗಟ್ಟೆ ಹಾರಿಬರುವಾಗ ಅದರ ರೆಕ್ಕೆಯ ಸದ್ದು ಕಣ್ಣಿಗಿಂತ ಮೊದಲು ಕಿವಿಗೆ ತಲುಪುತ್ತದೆ. ಕುತ್ತಿಗೆ ನೋಯದವನಿಗೆ ಆ ಸದ್ದಿನತ್ತ ತಿರುಗುವುದು ಸುಲಭ.