ಟಿಲ್ಲರ್ ಬೆಲ್ಟ್ ಕೂಗ್ತಿದೆಯಾ? ಬಿಗಿ ಮಾಡೋ ಮುಂಚೆ ಸದ್ದು ಕೇಳಿಸ್ಕೊಳ್ಳಿ

ಬಿತ್ತನೆ ಟೈಮಲ್ಲಿ ಪವರ್ ಟಿಲ್ಲರ್ ಕೈಕೊಟ್ಟರೆ ಏನಾಗುತ್ತೆ ಅಂತ ಶಿರಾ, ಪಾವಗಡದ ಕಡಲೆಕಾಯಿ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಕೆಂಪು ಮಣ್ಣಲ್ಲಿ ಒಂದು ಮಳೆಗೆ ಹದ ಸಿಗೋದು ಎರಡು ಮೂರು ದಿನ ಅಷ್ಟೇ. ಆಗ ಬೆಲ್ಟ್ ಕಿತ್ತು ಹೋದರೆ ಬೆಲ್ಟಿನ ದುಡ್ಡಿಗಿಂತ ಹೋದ ಹದದ ನಷ್ಟವೇ ದೊಡ್ಡದು. ಮಧುಗಿರಿ, ಕೊರಟಗೆರೆ ಕಡೆ ಅಡಿಕೆ ತೋಟಕ್ಕೆ ಗೊಬ್ಬರ ಹೊಡೆಯೋದಕ್ಕೂ ಟಿಲ್ಲರ್ ಟ್ರೇಲರ್ ಬೇಕೇ ಬೇಕು.

ಸಮಾಧಾನದ ವಿಷಯ ಅಂದ್ರೆ, ಬೆಲ್ಟ್ ಸಾಮಾನ್ಯವಾಗಿ ಒಂದೇ ಸಲಕ್ಕೆ ಕಿತ್ತು ಹೋಗಲ್ಲ. ವಾರಗಟ್ಟಲೆ ಮೊದಲೇ ಸದ್ದು ಮಾಡುತ್ತೆ. ನಾವು ಸದ್ದು ಬಂದ ತಕ್ಷಣ ಸ್ಪ್ಯಾನರ್ ಹಿಡಿದು ಬಿಗಿ ಮಾಡ್ತೀವಿ. ಕಾರಣ ಬೇರೆ ಇದ್ದಾಗ ಬಿಗಿ ಮಾಡಿದರೆ ಬೆಲ್ಟ್ ಜೊತೆಗೆ ಬೇರಿಂಗೂ ಹೋಗುತ್ತೆ.

ಬೆಲ್ಟ್ ಕೆಲಸ ಮಾಡೋದು ಹೇಗೆ?

ಟಿಲ್ಲರ್‌ನಲ್ಲಿ ಎಂಜಿನ್ ಶಕ್ತಿ ಕ್ಲಚ್‌ಗೆ ಹೋಗೋದು ವಿ-ಬೆಲ್ಟ್‌ಗಳ ಮೂಲಕ. ಬೆಲ್ಟಿನ ಎರಡು ಪಕ್ಕಗಳು ಪುಲ್ಲಿಯ ಗಾಡಿಯೊಳಗೆ ಬೆಣೆ ಥರ ಸಿಕ್ಕಿಕೊಂಡು ಹಿಡಿತ ಕೊಡ್ತವೆ. ಬೆಲ್ಟಿನ ತಳ ಗಾಡಿಯ ತಳಕ್ಕೆ ತಾಗಬಾರದು. ಗಾಡಿಯ ತಳ ಫಳಫಳ ಹೊಳೀತಿದ್ದರೆ ಬೆಲ್ಟ್ ಇಲ್ಲವೇ ಪುಲ್ಲಿ ಸವೆದಿದೆ ಅಂತ ಅರ್ಥ. ಆಗ ಎಷ್ಟು ಬಿಗಿ ಮಾಡಿದರೂ ಜಾರೋದು ನಿಲ್ಲಲ್ಲ.

ಮೊದಲು ಎಂಜಿನ್ ಆಫ್ ಮಾಡಿ

ಟಿಲ್ಲರ್ ಎಂಜಿನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 2000 ಸುತ್ತು ಅಥವಾ ಅದಕ್ಕಿಂತ ಹೆಚ್ಚು ತಿರುಗುತ್ತೆ, ಅಂದ್ರೆ ಸೆಕೆಂಡಿಗೆ 30ಕ್ಕೂ ಹೆಚ್ಚು ಸಲ. ಹೆಗಲ ಮೇಲಿನ ಟವೆಲ್ಲು, ಪಂಚೆ ತುದಿ, ಸಡಿಲ ತೋಳು ಸಿಕ್ಕಿಕೊಂಡರೆ ಕೈ ಎಳ್ಕೊಳ್ಳೋಕೆ ಟೈಮೇ ಇರಲ್ಲ. ಸದ್ದು ಕೇಳುವಾಗ ಬೆಲ್ಟ್ ಕವರ್ ಹಾಕಿರಲಿ. ಮುಟ್ಟಿ ನೋಡೋದು ಎಂಜಿನ್ ಪೂರ್ತಿ ನಿಂತ ಮೇಲೆ. ಕವರ್ ಬಿಚ್ಚಿಟ್ಟು ಓಡಿಸೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಯಾವ ಸದ್ದು, ಏನು ಕಾರಣ?

1. "ಕೀಂ...ಚ್" ಅಂತ ಉದ್ದ ಕೂಗು: ಕ್ಲಚ್ ಬಿಟ್ಟಾಗ, ರೋಟರಿ ಮಣ್ಣಿಗಿಳಿದಾಗ, ಟ್ರೇಲರ್ ದಿಬ್ಬ ಹತ್ತುವಾಗ ಬರುತ್ತೆ. ಬೆಲ್ಟ್ ಜಾರ್ತಿದೆ. ಸುಟ್ಟ ರಬ್ಬರ್ ವಾಸನೆಯೂ ಬರಬಹುದು. ಬೆಲ್ಟ್ ಸಡಿಲ ಆಗಿರಬಹುದು, ಡೀಸೆಲ್ ಅಥವಾ ಆಯಿಲ್ ತಾಗಿರಬಹುದು, ಪಕ್ಕಗಳು ಗಾಜಿನ ಥರ ನುಣ್ಣಗಾಗಿರಬಹುದು. ರೋಟರಿ ಅತಿ ಆಳಕ್ಕೆ ಇಳಿಸಿದ್ದರೂ, ಟ್ರೇಲರ್‌ಗೆ ಮಿತಿ ಮೀರಿ ತುಂಬಿದ್ದರೂ ಇದೇ ಸದ್ದು.

2. "ಚಿರ್ ಚಿರ್" ಅಂತ ಹಕ್ಕಿ ಕೂಗಿದ ಹಾಗೆ: ಎಂಜಿನ್ ವೇಗ ಏರಿದಂತೆ ಇದೂ ಜೋರಾಗುತ್ತೆ. ಎರಡು ಪುಲ್ಲಿ ಒಂದೇ ಸಾಲಲ್ಲಿ ಇಲ್ಲದಿದ್ದರೆ ಹೀಗಾಗುತ್ತೆ. ಒಂದು ದಾರವನ್ನ ಎರಡೂ ಪುಲ್ಲಿಯ ಹೊರಮೈಗೆ ಎಳೆದು ಹಿಡಿಯಿರಿ. ಎರಡರ ಅಂಚೂ ಒಂದೇ ದಪ್ಪ ಇದ್ದರೆ ದಾರ ನಾಲ್ಕು ಕಡೆಯೂ ತಾಗಬೇಕು. ಎಲ್ಲಾದರೂ ಸಂದು ಕಂಡರೆ ಅಲ್ಲೇ ಸಮಸ್ಯೆ. ಎಂಜಿನ್ ಬೋಲ್ಟ್ ಸಡಿಲ ಆಗಿ ಎಂಜಿನ್ ಓರೆಯಾಗಿದೆಯಾ ನೋಡಿ. ಗಾಡಿಯಲ್ಲಿ ಮಣ್ಣು, ಸಣ್ಣ ಕಲ್ಲು ಕೂತಿದ್ದರೂ ಹೀಗೆ ಕೂಗುತ್ತೆ.

3. "ಪಟ ಪಟ" ಅಂತ ಬಡಿತ: ಬೆಲ್ಟ್ ತುಂಬಾ ಸಡಿಲ ಆಗಿ ಕವರ್‌ಗೆ ಹೊಡೀತಿದೆ, ಇಲ್ಲವೇ ಎಳೆ ಬಿಚ್ಚಿ ನೇತಾಡ್ತಿದೆ. ಎಳೆ ಬಿಚ್ಚಿದ್ದರೆ ಆ ಬೆಲ್ಟ್ ಮುಗೀತು. "ಇನ್ನೊಂದು ದಿನ ಓಡ್ಲಿ" ಅನ್ನಬೇಡಿ.

4. "ಗರ ಗರ" ಅಂತ ಸದ್ದು: ಇದು ಹೆಚ್ಚಾಗಿ ಬೇರಿಂಗ್‌ದು. ಎಂಜಿನ್ ನಿಲ್ಲಿಸಿ, ಬೆಲ್ಟ್ ಇಳಿಸಿ, ಟೆನ್ಷನ್ ಪುಲ್ಲಿ ಮತ್ತು ಕ್ಲಚ್ ಪುಲ್ಲಿಯನ್ನ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿ. ಒರಟಾಗಿ ತಿರುಗಿದರೆ ಅಥವಾ ಆಟ ಇದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ಅನುಮಾನ ಇದ್ದರೆ ನೀರಿನ ಪರೀಕ್ಷೆ

ಎಂಜಿನ್ ನಿಲ್ಲಿಸಿ ಬೆಲ್ಟಿನ ಪಕ್ಕಕ್ಕೆ ಸ್ವಲ್ಪ ನೀರು ಚಿಮುಕಿಸಿ. ಕವರ್ ಹಾಕಿ ಸ್ಟಾರ್ಟ್ ಮಾಡಿ. ಕೂಗು ಜೋರಾದರೆ ಬೆಲ್ಟ್ ಜಾರ್ತಿದೆ. ಸ್ವಲ್ಪ ಹೊತ್ತು ನಿಂತು, ನೀರು ಒಣಗಿದ ಮೇಲೆ ಮತ್ತೆ ಬಂದರೆ ಹೆಚ್ಚಾಗಿ ಪುಲ್ಲಿ ಸಾಲು ತಪ್ಪಿದೆ.

ಎಷ್ಟು ಬಿಗಿ ಇರಬೇಕು?

ಎರಡು ಪುಲ್ಲಿಗಳ ನಡುವೆ ಬೆಲ್ಟನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ. ಎಷ್ಟು ಮಿಲಿಮೀಟರ್ ತಗ್ಗಬೇಕು ಅನ್ನೋದು ಯಂತ್ರದಿಂದ ಯಂತ್ರಕ್ಕೆ ಬೇರೆ. ನಿಮ್ಮ ಟಿಲ್ಲರ್ ಕೈಪಿಡಿಯಲ್ಲಿರೋ ಅಳತೆಯನ್ನೇ ಹಿಡಿಯಿರಿ. ಕೆಲವು ಟಿಲ್ಲರ್‌ಗಳಲ್ಲಿ ಟೆನ್ಷನ್ ಪುಲ್ಲಿ ಸರಿಸಬೇಕು, ಕೆಲವುದರಲ್ಲಿ ಎಂಜಿನ್ ಬೋಲ್ಟ್ ಸಡಿಲಿಸಿ ಎಂಜಿನ್ನನ್ನೇ ಸರಿಸಬೇಕು. ಎಂಜಿನ್ ಸರಿಸಿದ ಮೇಲೆ ದಾರದ ಪರೀಕ್ಷೆ ಮತ್ತೆ ಮಾಡಲೇಬೇಕು. ಒಂದು ಕಡೆ ಹೆಚ್ಚು ಸರಿದರೆ ಕೀಂಚ್ ಹೋಗಿ ಚಿರ್ ಚಿರ್ ಶುರು ಆಗುತ್ತೆ.

ಇವನ್ನ ಮಾಡಬೇಡಿ

- ಜಾರ್ತಿದೆ ಅಂತ ರಾಳದ ಪುಡಿ, ಸದ್ದು ಬರ್ತಿದೆ ಅಂತ ಗ್ರೀಸ್, ಸೋಪು ಹಚ್ಚಬೇಡಿ. ರಾಳಕ್ಕೆ ಧೂಳು ಅಂಟಿ ಬೆಲ್ಟನ್ನ ಉಜ್ಜುತ್ತೆ. ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ.
- ಮೂರು ಬೆಲ್ಟ್ ಇರೋ ಕಡೆ ಒಂದನ್ನೇ ಬದಲಿಸಬೇಡಿ. ಹಳೇ ಬೆಲ್ಟ್‌ಗಳು ಹಿಗ್ಗಿರುತ್ತವೆ. ಭಾರ ಎಲ್ಲಾ ಹೊಸದರ ಮೇಲೆ ಬಿದ್ದು ಅದು ಬೇಗ ಹೋಗುತ್ತೆ. ಒಂದೇ ಕಂಪನಿಯ ಪೂರ್ತಿ ಸೆಟ್ ಹಾಕಿ.
- ಸ್ಕ್ರೂಡ್ರೈವರ್‌ನಿಂದ ಮೀಟಿ ಬೆಲ್ಟ್ ಏರಿಸಬೇಡಿ. ಒಳಗಿನ ದಾರ ಹರಿಯುತ್ತೆ, ಹೊರಗೆ ಕಾಣಲ್ಲ. ಟೆನ್ಷನ್ ಪೂರ್ತಿ ಸಡಿಲಿಸಿ ಕೈಯಲ್ಲೇ ಹಾಕಿ.

ಹೊಸ ಬೆಲ್ಟ್ ಮೊದಲ ಕೆಲವು ಗಂಟೆ ಹಿಗ್ಗುತ್ತೆ. ಅರ್ಧ ದಿನ ಓಡಿಸಿದ ಮೇಲೆ ಟೆನ್ಷನ್ ಮತ್ತೆ ನೋಡಿ.

ಫೋನ್ ಬಳಸ್ಕೊಳ್ಳಿ

ಬೆಲ್ಟ್ ಮೇಲಿನ ನಂಬರ್ ಅಳಿಸಿ ಹೋಗೋ ಮುಂಚೆ ಫೋಟೋ ತೆಗೆದಿಡಿ. ಅಕ್ಷರ ಬೆಲ್ಟಿನ ಅಗಲ ಹೇಳುತ್ತೆ: ಎ ಅಂದ್ರೆ 13 ಮಿ.ಮೀ., ಬಿ ಅಂದ್ರೆ 17 ಮಿ.ಮೀ. ಮುಂದಿನ ಅಂಕಿ ಸಾಮಾನ್ಯವಾಗಿ ಇಂಚಿನಲ್ಲಿ ಉದ್ದ. ಸದ್ದನ್ನ ಎರಡು ಸಲ ರೆಕಾರ್ಡ್ ಮಾಡಿ, ಖಾಲಿ ಓಡುವಾಗ ಒಂದು, ಕ್ಲಚ್ ಬಿಟ್ಟಾಗ ಒಂದು. ಟಿಲ್ಲರ್ ಏರಿಸಿಕೊಂಡು ಪೇಟೆಗೆ ಹೋಗೋ ಮುಂಚೆ ಮೆಕ್ಯಾನಿಕ್‌ಗೆ ವಾಟ್ಸಾಪ್ ಮಾಡಿದರೆ ಒಂದು ಓಡಾಟ ಉಳಿಯುತ್ತೆ. ಬಾಡಿಗೆಗೆ ಯಂತ್ರ ತರುವಾಗಲೂ ಅಲ್ಲೇ ಸ್ಟಾರ್ಟ್ ಮಾಡಿಸಿ ಸದ್ದು ಕೇಳಿ, ರೆಕಾರ್ಡ್ ಮಾಡ್ಕೊಳ್ಳಿ. ಆಮೇಲೆ ಬೆಲ್ಟ್ ಯಾರಿಂದ ಹೋಯ್ತು ಅನ್ನೋ ಜಗಳ ಇರಲ್ಲ.

ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಒಂದು ಗಂಟೆ ಕೂತು ಗಾಡಿಯ ಮಣ್ಣು ಒರೆಸಿ, ದಾರ ಹಿಡಿದು, ಟೆನ್ಷನ್ ನೋಡಿ. ಒಂದು ಸೆಟ್ ಬೆಲ್ಟ್ ತಂದಿಡಿ. ಶೀಟಿನ ಶೆಡ್ಡಿನ ಕಾವಿಗೆ, ಬಿಸಿಲಿಗೆ ಇಡಬೇಡಿ, ಮನೆ ಒಳಗೆ ಮಡಚದೆ ಇಡಿ. ಹದ ಬಂದ ದಿನ ಅಂಗಡಿ ಬಾಗಿಲು ಕಾಯೋದು ತಪ್ಪುತ್ತೆ.